ಜಠರ ಕಿರಿದಾದ ಮೇಲೆ: ದೇಹತೂಕದ ಲೆಕ್ಕ

ತಳದಲ್ಲಿ ಸಣ್ಣ ರಂಧ್ರವಿರುವ ತೊಟ್ಟಿಯೊಂದನ್ನು ನಲ್ಲಿಯ ಕೆಳಗೆ ಇಟ್ಟಿದ್ದೇವೆಂದು ಭಾವಿಸೋಣ. ನಲ್ಲಿಯಿಂದ ನೀರು ಒಂದೇ ಸಮನೆ ಬೀಳುತ್ತಿದೆ. ರಂಧ್ರದಿಂದ ಹೊರಕ್ಕೆ ಹರಿದುಹೋಗುತ್ತಲೂ ಇದೆ. ಮೊದಮೊದಲು ನೀರಿನ ಮಟ್ಟ ಏರುತ್ತದೆ. ಮಟ್ಟ ಏರಿದಂತೆಲ್ಲ ತಳದಲ್ಲಿ ಒತ್ತಡ ಹೆಚ್ಚಿ ಹೊರಹರಿವೂ ಹೆಚ್ಚುತ್ತದೆ. ಒಳಕ್ಕೆ ಬರುವ ನೀರೂ ಹೊರಕ್ಕೆ ಹೋಗುವ ನೀರೂ ಸರಿಸಮವಾದಾಗ ಮಟ್ಟ ಒಂದೆಡೆ ನಿಲ್ಲುತ್ತದೆ. ತೊಟ್ಟಿ ಆಗ ನಿಶ್ಚಲವಾಗಿ ಕಂಡರೂ ಅದರೊಳಗಿನ ನೀರು ಕ್ಷಣಕ್ಷಣವೂ ಹೊಸದಾಗುತ್ತಿರುತ್ತದೆ.

ನಮ್ಮ ದೇಹದ ತೂಕವೂ ಇಂಥದೇ ಒಂದು ಮಟ್ಟ. ಉಣ್ಣುವ ಆಹಾರವೇ ಒಳಹರಿವು. ಉಸಿರಾಟ, ಹೃದಯದ ಬಡಿತ, ಮೈಯ ಶಾಖ, ನಡಿಗೆ, ದುಡಿಮೆ ಇವುಗಳಿಗೆ ವೆಚ್ಚವಾಗುವ ಶಕ್ತಿಯೇ ಹೊರಹರಿವು. ಉಳಿದದ್ದು ಕೊಬ್ಬಾಗಿ ಶೇಖರವಾಗುತ್ತದೆ. ದೇಹದ ಭಾರ ಹೆಚ್ಚಿದಷ್ಟೂ ಅದನ್ನು ನಡೆಸಲು ಬೇಕಾಗುವ ಶಕ್ತಿಯೂ ಹೆಚ್ಚು. ಆದುದರಿಂದ ತೂಕ ಯಾವುದೋ ಒಂದು ಅಂಕದಲ್ಲಿ ಬಂದು ನಿಲ್ಲುತ್ತದೆ.

ಅತಿಸ್ಥೂಲತೆಯಿಂದ ಬಳಲುವವರಿಗೆ ಜಠರವನ್ನು ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆ ಈಗ ನಮ್ಮ ನಗರಗಳಲ್ಲಿಯೂ ನಡೆಯುತ್ತಿದೆ. ‘ಶಸ್ತ್ರಕ್ರಿಯೆ ಆಯಿತು, ಇನ್ನು ತೂಕದ ಚಿಂತೆಯಿಲ್ಲ’ ಎಂದು ಭಾವಿಸುವವರು ಬಹಳ. ಈ ಭಾವನೆ ಎಷ್ಟರ ಮಟ್ಟಿಗೆ ಸರಿ? ತೊಟ್ಟಿಯ ಉದಾಹರಣೆಯನ್ನು ಮುಂದಿಟ್ಟುಕೊಂಡು ಇದನ್ನು ವಿಚಾರ ಮಾಡೋಣ.

ಮಿತ್ರರೊಬ್ಬರ ಅನುಭವ

ನಮ್ಮ ಮಿತ್ರರೊಬ್ಬರು ಬ್ಯಾಂಕಿನ ನೌಕರರು. ಶಸ್ತ್ರಕ್ರಿಯೆಗೆ ಮುಂಚೆ ಅವರ ತೂಕ 124 ಕಿಲೋಗ್ರಾಂ ಇದ್ದಿತು. ಜೊತೆಗೆ ಸಕ್ಕರೆ ಕಾಯಿಲೆ. ಶಸ್ತ್ರಕ್ರಿಯೆಯಾಗಿ ಹದಿನೈದು ತಿಂಗಳಿಗೆ 84ಕ್ಕೆ ಇಳಿದರು. ಕಂಡವರೆಲ್ಲ ಆಶ್ಚರ್ಯಪಟ್ಟರು. ಆಮೇಲೆ ತೂಕ ಮೆಲ್ಲಮೆಲ್ಲನೆ ಏರತೊಡಗಿ, ನಾಲ್ಕನೆಯ ವರ್ಷಕ್ಕೆ 93 ಆಯಿತು. ಅವರು ನಾಚಿಕೆಯಿಂದ ವೈದ್ಯರ ಬಳಿ ಹೋಗುವುದನ್ನೇ ಬಿಟ್ಟರು. ನುಂಗಬೇಕಾದ ಮಾತ್ರೆಗಳನ್ನೂ ಬಿಟ್ಟರು. ಕಡೆಗೆ ರಕ್ತಹೀನತೆಯಿಂದ ಮೆಟ್ಟಿಲೇರಲಾರದ ಸ್ಥಿತಿ ಬಂದಿತು. ‘ನಾನು ಸೋತೆ ಮೇಷ್ಟ್ರೇ, ನನಗೆ ಮನೋಬಲವಿಲ್ಲ’ ಎಂದು ಒಂದು ಸಂಜೆ ನಮ್ಮೊಡನೆ ಹೇಳಿಕೊಂಡರು. ಅವರು ಸೋತಿದ್ದರೇ? ಉತ್ತರ ಹೇಳುವ ಮೊದಲು ಶಕ್ತಿಯ ಲೆಕ್ಕವನ್ನು ನೋಡಬೇಕು.

ಶಕ್ತಿಯ ಲೆಕ್ಕ

ಶಕ್ತಿಯನ್ನು ಸೃಷ್ಟಿಸುವಂತಿಲ್ಲ, ನಾಶಮಾಡುವಂತಿಲ್ಲ ಎಂಬ ನಿಯಮವನ್ನು ವಿದ್ಯಾರ್ಥಿಗಳು ಓದಿಯೇ ಇರುತ್ತಾರೆ. 1842ರಲ್ಲಿ ಈ ತತ್ತ್ವವನ್ನು ಪ್ರಕಟಿಸಿದ ಜರ್ಮನಿಯ ಯೂಲಿಯಸ್ ರಾಬರ್ಟ್ ಮೇಯರ್ ವೃತ್ತಿಯಿಂದ ವೈದ್ಯ. ಜೀವಿಗಳ ದೇಹದ ಉಷ್ಣವನ್ನು ಕುರಿತ ಚಿಂತನೆಯಿಂದಲೇ ಅವನು ಅಲ್ಲಿಗೆ ತಲುಪಿದನು. 1890ರ ದಶಕದಲ್ಲಿ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾನಿಲಯದಲ್ಲಿ ವಿಲ್ಬರ್ ಆಟ್‌ವಾಟರ್ ಎಂಬ ರಸಾಯನವಿಜ್ಞಾನಿಯೂ ಎಡ್ವರ್ಡ್ ರೋಸ ಎಂಬ ಭೌತವಿಜ್ಞಾನಿಯೂ ಸೇರಿ, ಮನುಷ್ಯನು ದಿನಗಟ್ಟಲೆ ಒಳಗೆ ವಾಸಿಸಬಹುದಾದ ಉಷ್ಣಮಾಪಕ ಕೊಠಡಿಯೊಂದನ್ನು ನಿರ್ಮಿಸಿದರು. ಒಳಗಿದ್ದವನು ಉಂಡ ಆಹಾರದ ಶಕ್ತಿಗೂ ಅವನ ದೇಹ ವೆಚ್ಚಮಾಡಿದ ಶಕ್ತಿಗೂ ಲೆಕ್ಕ ತಾಳೆಯಾಯಿತು. ಉಗಿಯಂತ್ರಕ್ಕೆ ಅನ್ವಯಿಸುವ ನಿಯಮವೇ ನಮಗೂ ಅನ್ವಯಿಸುತ್ತದೆಂದು ಹೀಗೆ ತಿಳಿಯಿತು.

ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆಯಿಂದ ದೇಹಕ್ಕೆ ಸುಮಾರು 4 ಕಿಲೋಕ್ಯಾಲೊರಿ, ಒಂದು ಗ್ರಾಂ ಪ್ರೋಟೀನಿನಿಂದಲೂ ಸುಮಾರು 4, ಒಂದು ಗ್ರಾಂ ಕೊಬ್ಬಿನಿಂದ ಸುಮಾರು 9 ಕಿಲೋಕ್ಯಾಲೊರಿ ಶಕ್ತಿ ದೊರೆಯುತ್ತದೆ. ಈ ಮೂರು ಅಂಕಗಳನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಲೆಕ್ಕಗಳು ಸುಲಭ.

ಶಸ್ತ್ರಕ್ರಿಯೆ ಮಾಡುವುದೇನು?

ಹೊಟ್ಟೆಯ ಹುಣ್ಣಿಗಾಗಿ ಜಠರದ ಭಾಗವನ್ನು ತೆಗೆಸಿಕೊಂಡ ರೋಗಿಗಳು ಮತ್ತೆ ಮೈ ತುಂಬಿಕೊಳ್ಳಲು ಕಷ್ಟಪಡುವುದನ್ನು ಅಮೆರಿಕದ ಅಯೋವ ವಿಶ್ವವಿದ್ಯಾನಿಲಯದ ಶಸ್ತ್ರವೈದ್ಯ ಎಡ್ವರ್ಡ್ ಮೇಸನ್ ಗಮನಿಸಿದ್ದರು. ಇದೇ ಸುಳಿವನ್ನು ಹಿಡಿದು 1966ರಲ್ಲಿ ಅವರೂ ಚಿಕಾಶಿ ಇಟೊ ಎಂಬುವರೂ ಸ್ಥೂಲತೆಗಾಗಿಯೇ ‘ಗ್ಯಾಸ್ಟ್ರಿಕ್ ಬೈಪಾಸ್’ ಶಸ್ತ್ರಕ್ರಿಯೆಯನ್ನು ನಡೆಸಿದರು. ಇಂದಿನ ವಿಧಾನದಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರು ಹಿಡಿಯುವ ಪುಟ್ಟ ಚೀಲವನ್ನು ಬೇರ್ಪಡಿಸಿ, ಅದನ್ನು ಸಣ್ಣ ಕರುಳಿನ ಕೆಳಭಾಗಕ್ಕೆ ನೇರವಾಗಿ ಜೋಡಿಸುತ್ತಾರೆ. ‘ಸ್ಲೀವ್’ ಎಂಬ ಇನ್ನೊಂದು ವಿಧಾನದಲ್ಲಿ ಜಠರದ ಶೇಕಡ 75ರಿಂದ 80 ಭಾಗವನ್ನು ಕತ್ತರಿಸಿ ತೆಗೆದು, ಬಾಳೆಯ ಕಾಯಿಯಂಥ ಕೊಳವೆಯೊಂದನ್ನು ಮಾತ್ರ ಉಳಿಸುತ್ತಾರೆ.

ಜಠರದ ಮೇಲಿನ ಉಬ್ಬಿದ ಭಾಗ ಬಹಳ ಹಿಗ್ಗಬಲ್ಲದು. ಸ್ಲೀವ್ ವಿಧಾನದಲ್ಲಿ ತೆಗೆಯುವುದು ಮುಖ್ಯವಾಗಿ ಆ ಭಾಗವನ್ನೇ. ಉಳಿಯುವ ಕೊಳವೆಗೆ ಹಿಗ್ಗುವ ಗುಣ ಕಡಮೆ. ಆದುದರಿಂದ ಸ್ವಲ್ಪ ಆಹಾರ ಒಳಹೋದೊಡನೆ ಅದರ ಒತ್ತಡ ಏರಿ, ಹೊಟ್ಟೆ ತುಂಬಿತೆಂಬ ಸಂದೇಶ ಮಿದುಳಿಗೆ ಹೋಗುತ್ತದೆ. ಹಸಿವನ್ನು ಎಬ್ಬಿಸುವ ‘ಗ್ರೆಲಿನ್’ ಎಂಬ ಹಾರ್ಮೋನನ್ನು 1999ರಲ್ಲಿ ಜಪಾನಿನ ವಿಜ್ಞಾನಿಗಳಾದ ಕೊಜಿಮ ಮತ್ತು ಕಂಗಾವ ಕಂಡುಹಿಡಿದರು. ಅದು ಹೆಚ್ಚಾಗಿ ಉತ್ಪತ್ತಿಯಾಗುವುದೂ ಆ ಉಬ್ಬಿದ ಭಾಗದಲ್ಲಿಯೇ. ಬೈಪಾಸಿನ ಅನಂತರವಾದರೋ, ಊಟವಾದೊಡನೆ ತೃಪ್ತಿಯನ್ನು ಸೂಚಿಸುವ ಕರುಳಿನ ಹಾರ್ಮೋನುಗಳು ಹೆಚ್ಚುತ್ತವೆ. ಹೀಗೆ ಶಸ್ತ್ರಕ್ರಿಯೆ ನಲ್ಲಿಯನ್ನು ತಿರುಗಿಸಿ ಒಳಹರಿವನ್ನು ತಗ್ಗಿಸುತ್ತದೆ. ತೊಟ್ಟಿಯ ನಿಯಮವನ್ನು ಮಾತ್ರ ಅದು ಬದಲಾಯಿಸಲಾರದು.

ತೂಕ ಮರಳುವುದೇಕೆ?

ಒಳಹರಿವು ತಗ್ಗಿದೊಡನೆ ಮಟ್ಟ ಮೊದಲು ವೇಗವಾಗಿ ಇಳಿದು, ಬರಬರುತ್ತ ನಿಧಾನವಾಗಿ, ಕಡೆಗೆ ಹೊಸ ಸಮತೋಲದಲ್ಲಿ ನಿಲ್ಲುತ್ತದೆ. ಶಸ್ತ್ರಕ್ರಿಯೆಯಾದ ಒಂದೆರಡು ವರ್ಷಗಳಲ್ಲಿ ಈ ಘಟ್ಟ ಬರುತ್ತದೆ. ಅಲ್ಲಿಂದ ಮುಂದೆ ಎರಡು ಬದಲಾವಣೆಗಳು ಸಂಭವಿಸುತ್ತವೆ. ಒಂದು, ನಲ್ಲಿ ಸ್ವಲ್ಪಸ್ವಲ್ಪವಾಗಿ ಸಡಿಲಗೊಳ್ಳುತ್ತದೆ: ಹಸಿವು ಕೊಂಚ ಮರಳುತ್ತದೆ, ಒಂದು ಹೊತ್ತಿಗೆ ಉಣ್ಣಬಲ್ಲ ಪ್ರಮಾಣ ಹೆಚ್ಚುತ್ತದೆ, ಹಳೆಯ ಅಭ್ಯಾಸಗಳು ಇಣುಕುತ್ತವೆ. ಎರಡು, ತೊಟ್ಟಿಯ ರಂಧ್ರ ಕಿರಿದಾಗಿರುತ್ತದೆ: ಹಗುರವಾದ ದೇಹಕ್ಕೆ ಶಕ್ತಿಯ ವೆಚ್ಚ ಕಡಮೆ, ಕೊಬ್ಬಿನ ಜೊತೆಗೆ ಸ್ನಾಯುವೂ ಕರಗಿದ್ದರೆ ಇನ್ನೂ ಕಡಮೆ.

ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ದೀರ್ಘಕಾಲದ ಅಧ್ಯಯನವೊಂದು ಇದನ್ನು ಸ್ಪಷ್ಟಪಡಿಸಿದೆ. ಶಸ್ತ್ರಕ್ರಿಯೆ ಮಾಡಿಸಿಕೊಂಡ 2,010 ಜನರನ್ನೂ ಮಾಡಿಸಿಕೊಳ್ಳದ 2,037 ಸ್ಥೂಲಕಾಯರನ್ನೂ ಹೋಲಿಸಿ ನೋಡಲಾಯಿತು. ಲಾರ್ಸ್ ಶೋಸ್ಟ್ರೋಮ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ವರದಿಯಂತೆ, ಬೈಪಾಸ್ ಆದವರು ಮೊದಲ ಒಂದೆರಡು ವರ್ಷಗಳಲ್ಲಿ ಸರಾಸರಿ ಶೇಕಡ 32ರಷ್ಟು ತೂಕ ಕಳೆದುಕೊಂಡಿದ್ದರು. ಹತ್ತು ವರ್ಷದ ಕೊನೆಗೆ ಈ ಇಳಿಕೆ ಶೇಕಡ 25 ಆಗಿ ಉಳಿದಿತ್ತು. ಶಸ್ತ್ರಕ್ರಿಯೆಯಾದ ಗುಂಪಿನಲ್ಲಿ ಮರಣಗಳೂ ಕಡಮೆಯಾಗಿದ್ದುವು.

ಈಗ ನಮ್ಮ ಮಿತ್ರರ ಲೆಕ್ಕವನ್ನು ತೆಗೆಯೋಣ. 124ರಿಂದ 84ಕ್ಕೆ ಇಳಿದದ್ದು ಶೇಕಡ 32. 93ಕ್ಕೆ ಏರಿದ ಮೇಲೂ ಉಳಿದ ಇಳಿಕೆ ಶೇಕಡ 25. ತಾವು ಸೋತೆವೆಂದು ಅವರು ಯಾವ ಅಂಕವನ್ನು ನೋಡಿ ಮರುಗಿದರೋ ಅದು ಸ್ವೀಡನ್ನಿನ ಆ ಗುಂಪಿನ ಹತ್ತು ವರ್ಷದ ಸರಾಸರಿಗೆ ಸಮ! ಸ್ವಲ್ಪ ತೂಕ ಮರಳುವುದು ತೊಟ್ಟಿಯ ಸ್ವಭಾವ. ಅದರಲ್ಲಿ ಅವಮಾನಪಡುವಂಥದೇನೂ ಇಲ್ಲ. ಅವರ ಕೇಡಿಗೆ ಕಾರಣವಾದುದು 9 ಕಿಲೋಗ್ರಾಂ ತೂಕವಲ್ಲ, ವೈದ್ಯರಿಂದ ದೂರವಾದುದು. ಆದರೆ ಏರಿಕೆ ಅವರಲ್ಲಿ ನಾಲ್ಕನೆಯ ವರ್ಷಕ್ಕೇ ಇಷ್ಟಾಗಿದೆ. ಅದನ್ನು ಅಲ್ಲಿಯೇ ತಡೆಯಬೇಕು. ಶಿಸ್ತಿನ ಪ್ರಶ್ನೆ ಬರುವುದು ಇಲ್ಲಿ.

ಸಣ್ಣ ಹರಿವು, ದೊಡ್ಡ ಮಟ್ಟ

ಪ್ರತಿದಿನದ ಆಹಾರದಲ್ಲಿ 100 ಕಿಲೋಕ್ಯಾಲೊರಿ ಹೆಚ್ಚಾದರೆ ಏನಾಗುತ್ತದೆ? 2011ರಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು ಗಣಿತದ ಮೂಲಕ ಒಂದು ಸ್ಥೂಲ ನಿಯಮವನ್ನು ಕೊಟ್ಟರು. ಅದರಂತೆ ತೂಕ ಕಡೆಗೆ ಸುಮಾರು 4 ಕಿಲೋಗ್ರಾಂ ಏರಿ ನಿಲ್ಲುತ್ತದೆ. ಅದರಲ್ಲಿ ಅರ್ಧ ಒಂದು ವರ್ಷದಲ್ಲಿ, ಬಹುತೇಕ ಪೂರ್ಣ ಏರಿಕೆ ಮೂರು ವರ್ಷಗಳಲ್ಲಿ. 100 ಕಿಲೋಕ್ಯಾಲೊರಿ ಎಂದರೆ 25 ಗ್ರಾಂ ಸಕ್ಕರೆ. ದಿನಕ್ಕೆ ಮೂರು ಲೋಟ ಕಾಫಿಗೆ ಎರಡೆರಡು ಸಣ್ಣ ಚಮಚ ಹಾಕಿಕೊಂಡರೆ ಅಷ್ಟಾಯಿತು. ಸಂಜೆಯ ಒಂದು ಹಿಡಿ ಕರಿದ ತಿಂಡಿ ಇನ್ನೊಂದು ಅಷ್ಟನ್ನು ಕೂಡಿಸುತ್ತದೆ. ಮಿತ್ರರ 9 ಕಿಲೋಗ್ರಾಂ ಹೀಗೆಯೇ ಬಂದಿರಬಹುದು.

ಇದಕ್ಕೆ ಪ್ರತಿಯಾಗಿ, ಯಾವುದೋ ಒಂದು ಹಬ್ಬದ ದಿನ 1,000 ಕಿಲೋಕ್ಯಾಲೊರಿ ಹೆಚ್ಚಾಯಿತೆನ್ನಿ. ಒಂದು ಕಿಲೋಗ್ರಾಂ ಮೈಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಇರುವುದರಿಂದ, ಅದರಿಂದ ಸೇರುವ ಕೊಬ್ಬು 130 ಗ್ರಾಂ ಮಾತ್ರ. ತೊಟ್ಟಿಗೆ ಒಂದು ಚೊಂಬು ನೀರು ಸುರಿದರೆ ಮಟ್ಟ ಕೊಂಚ ಏರಿ ಮತ್ತೆ ಮೊದಲಿನಂತಾಗುತ್ತದೆ. ನಲ್ಲಿಯನ್ನು ಕೂದಲೆಳೆಯಷ್ಟು ತಿರುಗಿಸಿ ಬಿಟ್ಟರೆ ಮಟ್ಟ ಏರಿಯೇ ಉಳಿಯುತ್ತದೆ. ಶಿಸ್ತೆಂದರೆ ಒಂದು ದಿನದ ಕಠೋರ ಉಪವಾಸವಲ್ಲ. ನಿತ್ಯದ ಸಣ್ಣ ಹರಿವಿನ ಮೇಲೆ ಇಡುವ ಕಣ್ಣು.

ಊಟದ ಕ್ರಮ

ಕಿರಿದಾದ ಜಠರ ಘನಾಹಾರವನ್ನು ತಡೆಯಬಲ್ಲದು; ದ್ರವವನ್ನು ತಡೆಯಲಾರದು. ಪಾನಕ, ಪಾಯಸ, ಐಸ್‌ಕ್ರೀಂ ಇವು ಸಲೀಸಾಗಿ ಇಳಿದುಹೋಗುವುದರಿಂದ ತೃಪ್ತಿಯಾಗುವ ಮೊದಲೇ ಬಹಳ ಶಕ್ತಿ ಒಳಸೇರುತ್ತದೆ. ಬೈಪಾಸ್ ಆದವರಲ್ಲಿ ಇನ್ನೊಂದು ತೊಂದರೆಯೂ ಉಂಟು. ಸಾಂದ್ರವಾದ ಸಕ್ಕರೆಯ ದ್ರಾವಣ ಒಮ್ಮೆಗೇ ಕರುಳಿಗೆ ಬಿದ್ದಾಗ, ಅಭಿಸರಣದಿಂದ ಸುತ್ತಲಿನ ನೀರು ಕರುಳಿನೊಳಕ್ಕೆ ನುಗ್ಗಿ, ಹೊಟ್ಟೆನುಲಿತ, ಬೆವರು, ಎದೆಬಡಿತ, ತಲೆಸುತ್ತು ಉಂಟಾಗಬಹುದು.

ಊಟದ ಜೊತೆಯಲ್ಲಿ ನೀರು ಕುಡಿಯದೆ ಅರ್ಧ ಗಂಟೆ ತಡೆಯಬೇಕೆಂದು ವೈದ್ಯರು ಹೇಳುತ್ತಾರೆ. ತುತ್ತು ಚಿಕ್ಕದಾಗಿರಬೇಕು, ಚೆನ್ನಾಗಿ ಅಗಿಯಬೇಕು, ಊಟಕ್ಕೆ ಇಪ್ಪತ್ತು ನಿಮಿಷವಾದರೂ ಹಿಡಿಯಬೇಕು. ತಟ್ಟೆಯಲ್ಲಿ ಮೊದಲು ಉಣ್ಣಬೇಕಾದುದು ಪ್ರೋಟೀನುಳ್ಳ ಪದಾರ್ಥ: ಬೇಳೆ, ಮೊಳಕೆಯ ಕಾಳು, ಮೊಸರು, ಪನೀರು, ಮೊಟ್ಟೆ, ಮೀನು. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನು ಸಾಮಾನ್ಯ ಗುರಿ. ನಮ್ಮ ಊಟದಲ್ಲಿ ಅನ್ನದ ರಾಶಿ ದೊಡ್ಡದು, ಬೇಳೆ ತೆಳು. ಈ ಪ್ರಮಾಣವನ್ನು ತಿರುಗಿಸಬೇಕಾಗುತ್ತದೆ.

ಮಾತ್ರೆಗಳ ವಿಷಯವನ್ನು ಒತ್ತಿ ಹೇಳಬೇಕು. ಬಿ12 ಜೀವಸತ್ತ್ವದ ಹೀರಿಕೆಗೆ ಜಠರದಲ್ಲಿ ಒಸರುವ ವಸ್ತುವೊಂದು ಅಗತ್ಯ. ಕಬ್ಬಿಣದ ಅಂಶ ಹೆಚ್ಚಾಗಿ ಹೀರಿಕೆಯಾಗುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ; ಬೈಪಾಸಿನ ಅನಂತರ ಆಹಾರ ಆ ದಾರಿಯಲ್ಲಿ ಹೋಗುವುದೇ ಇಲ್ಲ. ಆದುದರಿಂದ ಬಿ12, ಕಬ್ಬಿಣ, ಸುಣ್ಣ, ಡಿ ಜೀವಸತ್ತ್ವ ಇವುಗಳನ್ನು ವೈದ್ಯರು ಹೇಳಿದಂತೆ ಜೀವನಪರ್ಯಂತ ತೆಗೆದುಕೊಳ್ಳಬೇಕು. ವರ್ಷಕ್ಕೊಮ್ಮೆಯಾದರೂ ರಕ್ತಪರೀಕ್ಷೆ ಮಾಡಿಸಬೇಕು. ಮನೋಬಲ ಎಷ್ಟಿದ್ದರೂ ಇವಿಲ್ಲದ ಕೊರತೆಯನ್ನು ತುಂಬಲಾರದು.

ವ್ಯಾಯಾಮದ ಬೆಲೆ

84 ಕಿಲೋಗ್ರಾಂ ತೂಕದವರೊಬ್ಬರು ಮೈಸೂರಿನ ಮಟ್ಟದಿಂದ ಚಾಮುಂಡಿ ಬೆಟ್ಟವನ್ನು, ಅಂದರೆ ಸ್ಥೂಲವಾಗಿ 300 ಮೀಟರು, ಏರಿದರೆಂದು ಇಟ್ಟುಕೊಳ್ಳೋಣ. ಗುರುತ್ವದ ವಿರುದ್ಧ ಮಾಡಿದ ಕೆಲಸ 84 × 9.8 × 300, ಎಂದರೆ ಸುಮಾರು 2,47,000 ಜೂಲ್. ಇದು 59 ಕಿಲೋಕ್ಯಾಲೊರಿ. ಸ್ನಾಯುಗಳ ದಕ್ಷತೆ ಶೇಕಡ 20ರಿಂದ 25 ಮಾತ್ರವಾದುದರಿಂದ ದೇಹ ವೆಚ್ಚಮಾಡುವುದು ಸುಮಾರು 250 ಕಿಲೋಕ್ಯಾಲೊರಿ. 28 ಗ್ರಾಂ ತುಪ್ಪದಲ್ಲಿ ಇಷ್ಟೇ ಶಕ್ತಿ ಇದೆ! ಬೆಟ್ಟ ಹತ್ತಿದೆವೆಂದು ಎರಡು ದೊಡ್ಡ ಚಮಚ ತುಪ್ಪ ಹೆಚ್ಚಿಗೆ ತಿಂದರೆ ಲೆಕ್ಕ ಚುಕ್ತಾ ಆಯಿತು.

ಹಾಗಾದರೆ ವ್ಯಾಯಾಮ ವ್ಯರ್ಥವೇ ಎಂದು ವಾಚಕರು ಕೇಳಬಹುದು. ಖಂಡಿತ ಅಲ್ಲ. ಇದೇ 250 ಕಿಲೋಕ್ಯಾಲೊರಿಯ ವೆಚ್ಚ ದಿನದಿನವೂ ನಡೆದರೆ ಹೊರಹರಿವೇ ಹಿರಿದಾಗಿ, ಮಟ್ಟ ಕೆಳಗೆ ನಿಲ್ಲುತ್ತದೆ. ಸ್ನಾಯುಗಳು ಉಳಿಯುತ್ತವೆ, ರಕ್ತದ ಸಕ್ಕರೆ ಹತೋಟಿಯಲ್ಲಿರುತ್ತದೆ. ವಾರಕ್ಕೆ 150 ನಿಮಿಷ ಚುರುಕಾದ ನಡಿಗೆಯಿಂದ ತೊಡಗಿ, ಸಾಧ್ಯವಾದವರು 300 ನಿಮಿಷದವರೆಗೆ ಹೆಚ್ಚಿಸಬಹುದು. ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಭಾರ ಕೊಡುವ ವ್ಯಾಯಾಮವೂ ಬೇಕು. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದೂ ಇದಕ್ಕೆ ಆದೀತು. ಶಸ್ತ್ರಕ್ರಿಯೆಯಾದ ಹೊಸದರಲ್ಲಿ ಮಾತ್ರ ವೈದ್ಯರ ಅಪ್ಪಣೆಯಿಲ್ಲದೆ ಭಾರ ಎತ್ತಬಾರದು.

ಮನೆಯವರ ಪಾಲು

ಇದನ್ನು ಓದುವ ವಿದ್ಯಾರ್ಥಿಗಳಲ್ಲಿ ಕೆಲವರ ಮನೆಯಲ್ಲಿ ಇಂಥ ಶಸ್ತ್ರಕ್ರಿಯೆಯಾದ ಹಿರಿಯರು ಇರಬಹುದು. ‘ಇನ್ನೊಂದು ಹೋಳಿಗೆ, ನಮ್ಮ ಮಾತಿಗೆ’ ಎಂಬ ಉಪಚಾರ ನಮ್ಮ ಸಂಪ್ರದಾಯ. ಅದರ ಹಿಂದೆ ಪ್ರೀತಿಯಿದೆ. ಆದರೆ ನಲ್ಲಿಯನ್ನು ತಿರುಗಿಸುವ ಕೈಯೂ ಅದೇ. ತೂಕ ಎರಡು ಕಿಲೋಗ್ರಾಂ ಏರಿತೆಂದು ಹಾಸ್ಯಮಾಡುವುದು ಇನ್ನೂ ಕೆಟ್ಟದ್ದು. ಆ ಹಾಸ್ಯವೇ ಅವರನ್ನು ತಕ್ಕಡಿಯಿಂದಲೂ ವೈದ್ಯರಿಂದಲೂ ದೂರಮಾಡುತ್ತದೆ. ಒತ್ತಾಯಿಸದೆ ಬಡಿಸುವುದು, ಸಂಜೆ ಜೊತೆಗೂಡಿ ನಡೆಯುವುದು, ವರ್ಷದ ರಕ್ತಪರೀಕ್ಷೆಯನ್ನು ನೆನಪಿಸುವುದು ನಿಮ್ಮಿಂದ ಆಗುವ ಕೆಲಸ.

ನಮ್ಮ ಮಿತ್ರರು ಮತ್ತೆ ವೈದ್ಯರನ್ನು ಕಂಡರು. ರಕ್ತಹೀನತೆ ಗುಣವಾಗಿದೆ, ಕಾಫಿಯ ಸಕ್ಕರೆ ಹೋಗಿದೆ, ಬೆಳಗಿನ ನಡಿಗೆ ಬಂದಿದೆ. ವಾರಕ್ಕೊಮ್ಮೆ ತೂಕ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ. ಕಳೆದ ಬಾರಿ ನಾವು ನೋಡಿದಾಗ ಅದರಲ್ಲಿ 90 ಎಂದಿತ್ತು. ಅವರು ಅದನ್ನು ಗೆಲವೆಂದೂ ಕರೆಯಲಿಲ್ಲ, ಸೋಲೆಂದೂ ಕರೆಯಲಿಲ್ಲ. ‘ಈ ವಾರದ ಮಟ್ಟ, ಮೇಷ್ಟ್ರೇ’ ಎಂದರು.