ನೂರೈವತ್ತು ರೂಪಾಯಿಯ ಹನ್ನೆರಡು ಬಣ್ಣ

ಪ್ರಶ್ನೆ: ನಮ್ಮೂರು ವಿದುರಾಶ್ವತ್ಥ. ಗೌರಿಬಿದನೂರಿನಲ್ಲಿ ಡಿಗ್ರಿ ಓದುತ್ತಿದ್ದೇನೆ. ಜಾತ್ರೆ ಅಂಗಡಿಯಲ್ಲಿ 150 ರೂಪಾಯಿ ಕೊಟ್ಟು ಹನ್ನೆರಡು ಬಣ್ಣದ ಮ್ಯಾಟ್ ಐಶ್ಯಾಡೋ ಪ್ಯಾಲೆಟ್ ತಂದೆ. ಮುಂದಿನ ತಿಂಗಳು ಅಕ್ಕನ ನಿಶ್ಚಿತಾರ್ಥ. ಹಚ್ಚಿದರೆ ತೇಪೆ ಹಾಕಿದಂತೆ ಕಾಣುತ್ತದೆ, ಪುಡಿಯೆಲ್ಲ ಕೆನ್ನೆಗೆ ಉದುರುತ್ತದೆ. ಗೆಳತಿಯರು ‘ಚೀಪ್ ಮಾಲು’ ಎಂದು ನಗುತ್ತಾರೆ. ಅಮ್ಮನದು ‘ಕಣ್ಣು ಹಾಳಾದೀತು, ಕಾಡಿಗೆ ಸಾಲದೇನೇ’ ಎಂಬ ರಾಗ. ಎಸೆಯಲೇ, ಇಟ್ಟುಕೊಳ್ಳಲೇ?

ಉತ್ತರ: ಗೆಳತಿಯರ ನಗುವನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಅಮ್ಮನ ಭಯದಲ್ಲಿ ಮಾತ್ರ ಅರ್ಧ ನಿಜವಿದೆ. ನೋಡಬೇಕಾದದ್ದು ಬೆಲೆಯನ್ನಲ್ಲ, ಡಬ್ಬಿಯ ಬೆನ್ನನ್ನು. ತಯಾರಿಸಿದವರ ಹೆಸರು, ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಎಷ್ಟರೊಳಗೆ ಬಳಸಬೇಕೆಂಬ ತಾರೀಖು ಅಲ್ಲಿರಬೇಕು. ಹೊರದೇಶದ್ದಾದರೆ ತರಿಸಿದವರ ವಿಳಾಸ, ನೋಂದಣಿ ಸಂಖ್ಯೆ. 2020ರ ಸೌಂದರ್ಯವರ್ಧಕ ನಿಯಮಗಳು ಕೇಳುವುದು ಇದನ್ನೇ. ಸೀಸ, ಆರ್ಸೆನಿಕ್ ಸೇರಿದ ಬಣ್ಣ ಹಾಕಕೂಡದೆಂದೂ ನಿಯಮವಿದೆ. ಆದರೆ ವಿಳಾಸವೇ ಇಲ್ಲದವರನ್ನು ಕೇಳುವವರು ಯಾರು? ಬೆನ್ನು ಖಾಲಿ ಇದ್ದರೆ ಆ ಬಣ್ಣ ಕಣ್ಣಿಗೆ ಬೇಡ. ಅಮ್ಮನಿಗೂ ಒಂದು ಮಾತು: ನಂದಿಬಟ್ಟಲು ರಸದಲ್ಲಿ ನೆನೆಸಿದ ಬತ್ತಿಯ ಕಾಡಿಗೆಯೂ ಕೊನೆಗೆ ಮಸಿಯೇ.

ಹೆಸರು, ವಿಳಾಸ ಸರಿಯಿದ್ದರೆ ಮೊದಲು ಕಿವಿಯ ಹಿಂದೆ ಚೂರು ಹಚ್ಚಿ ಎರಡು ದಿನ ಬಿಡಿ. ತುರಿಕೆ, ಉರಿ ಇಲ್ಲದಿದ್ದರೆ ಮುಂದುವರಿಯಿರಿ.

ಇನ್ನು ತೇಪೆಯ ವಿಚಾರ. ಮ್ಯಾಟ್ ಬಣ್ಣದಲ್ಲಿ ಅಭ್ರಕದ ಮಿನುಗು ಇರುವುದಿಲ್ಲ, ಹಾಗಾಗಿ ಕೈ ತಪ್ಪಿದ್ದು ಮುಚ್ಚಿಹೋಗುವುದಿಲ್ಲ. ಅಗ್ಗದ್ದರಲ್ಲಿ ಸಾಮಾನ್ಯವಾಗಿ ಬಣ್ಣ ಕಮ್ಮಿ, ಟಾಲ್ಕ್ ಜಾಸ್ತಿ, ಅಂಟು ಸಾಲದು, ಅದಕ್ಕೇ ಉದುರುವುದು. ರೆಪ್ಪೆಯ ಜಿಡ್ಡನ್ನು ಒರೆಸಿ, ಅಕ್ಕಿಕಾಳಿನಷ್ಟು ಕನ್ಸೀಲರ್ ತೆಳುವಾಗಿ ಸವರಿ, ಮೇಲೆ ಒಂದಿಷ್ಟು ಪೌಡರ್ ತಟ್ಟಿ. ಬ್ರಶ್‌ನ ತುದಿಗೆ ಮಾತ್ರ ಬಣ್ಣ ತಗೊಂಡು ಡಬ್ಬಿಯ ಅಂಚಿಗೆ ಕುಟ್ಟಿ ಕೊಡವಿ. ಉಜ್ಜಬೇಡಿ, ಒತ್ತಿ. ಸಾಲದಿದ್ದರೆ ಇನ್ನೊಂದು ಸಲ ಒತ್ತಿ, ಕೊನೆಗೆ ಅಂಚನ್ನಷ್ಟೇ ಬಣ್ಣವಿಲ್ಲದ ಬ್ರಶ್‌ನಿಂದ ಮಸುಕು ಮಾಡಿ. ಕಣ್ಣು ಮುಗಿದ ಮೇಲೆಯೇ ಕೆನ್ನೆಗೆ ಕೈ ಹಾಕಿ. ಬಿದ್ದ ಪುಡಿ ಆಗ ಸುಲಭವಾಗಿ ಒರೆಸಿಹೋಗುತ್ತದೆ. ಹನ್ನೆರಡರಲ್ಲಿ ನಿಮಗೆ ಬೇಕಾಗುವುದು ಎರಡೋ ಮೂರೋ. ಬೆಲ್ಲದ ಬಣ್ಣ, ಹೆಂಚಿನ ಕೆಂಪು ನಮ್ಮ ಗೋಧಿ, ಎಣ್ಣೆಗೆಂಪು ಮೈಬಣ್ಣಕ್ಕೆ ಒಪ್ಪುತ್ತವೆ. ತೆಳು ಕೆನೆಬಣ್ಣವನ್ನು ರೆಪ್ಪೆಗೆಲ್ಲ ಬಳಿದರೆ ವಿಭೂತಿ ಇಟ್ಟಂತೆ ಕಾಣುತ್ತೀರಿ.

ನನಗಿರುವ ನಿಜವಾದ ಹೆದರಿಕೆ ನಿಶ್ಚಿತಾರ್ಥದ ದಿನ ಎಲ್ಲರೂ ಸಿಂಗರಿಸಿಕೊಳ್ಳುವ ಛತ್ರದ ಆ ಒಂದು ಕೋಣೆಯದು. ಒಂದೇ ಕನ್ನಡಿ, ಒಂದೇ ಬ್ರಶ್, ಹತ್ತು ಹುಡುಗಿಯರು. ಒಬ್ಬಳಿಗೆ ಕಣ್ಣುಬೇನೆ ಇದ್ದರೆ ಸಂಜೆಯೊಳಗೆ ಎಲ್ಲರಿಗೂ ಹಂಚಿದಂತೆ. ಅಕ್ಕನಿಗಾದರೂ ಸರಿ, ನಿಮ್ಮ ಬ್ರಶ್ ಕೊಡಬೇಡಿ. ರಾತ್ರಿ ಬಣ್ಣ ತೆಗೆಯದೆ ಮಲಗಬೇಡಿ.

ಕಣ್ಣು ಕೆಂಪಾಗಿ ನೀರು ಸುರಿದರೆ, ಮಂಜಾದರೆ ಮನೆಮದ್ದು ಹಾಕುತ್ತ ಕೂರಬೇಡಿ. ಡಬ್ಬಿಯನ್ನೂ ಕೈಯಲ್ಲಿ ಹಿಡಿದು ಅಂದೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.