ಗಾಳಿ ಎಲ್ಲಿಂದ ನುಗ್ಗುತ್ತಿದೆ, ಮೊದಲು ನೋಡು

ತಮ್ಮಾ, ಸ್ಕ್ಯಾನರ್‌ನಲ್ಲಿ ಪಿ0171 ಕಂಡ ಕೂಡಲೇ ಆಕ್ಸಿಜನ್ ಸೆನ್ಸರ್‌ಗೆ ಆರ್ಡರ್ ಹಾಕಬೇಡ. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲ್‌ಗೆ 14.7 ಪಾಲು ಗಾಳಿ ಇರಬೇಕು. ಆ ಹದ ತಪ್ಪಿ ಗಾಳಿ ಜಾಸ್ತಿಯಾಗಿದೆ ಅಂತಷ್ಟೇ ಆ ಕೋಡ್ ಹೇಳುವುದು. ಸೆನ್ಸರ್ ಪಾಪ, ಕಂಡದ್ದನ್ನು ಹೇಳಿದೆ. ಹೇಳಿದವನನ್ನೇ ಬಿಚ್ಚಿ ಎಸೆದರೆ ಗಿರಾಕಿ ದುಡ್ಡು ಹೋಗುತ್ತದೆ, ಕಾಯಿಲೆ ಹಾಗೇ ಉಳಿಯುತ್ತದೆ.

ಮೊದಲು ಫ್ಯೂಯಲ್ ಟ್ರಿಮ್ ನೋಡು. ಐಡ್ಲಿಂಗ್‌ನಲ್ಲಿ ಪ್ಲಸ್ 20ರ ಹತ್ತಿರ ಇದ್ದದ್ದು, 2,500 ಆರ್‌ಪಿಎಂಗೆ ರೇಸ್ ಮಾಡಿ ಹಿಡಿದಾಗ ಐದಕ್ಕೋ ಆರಕ್ಕೋ ಇಳಿದರೆ ಕಳ್ಳಗಾಳಿಯ ಮೇಲೇ ಅನುಮಾನ ಪಡು. ಇಂಜಿನ್ ಕಡಿಮೆ ಉಸಿರಾಡುವಾಗ ಸಣ್ಣ ಬಿರುಕೂ ದೊಡ್ಡ ಪಾಲು ಗಾಳಿ ಕೊಡುತ್ತದೆ. ಥ್ರಾಟಲ್ ತೆರೆದರೆ ಅದು ಲೆಕ್ಕಕ್ಕೇ ಸಿಗುವುದಿಲ್ಲ. ರೇಸ್ ಮಾಡಿದಷ್ಟೂ ಟ್ರಿಮ್ ಏರುತ್ತಿದ್ದರೆ ಪೆಟ್ರೋಲ್ ಪಂಪು, ಫಿಲ್ಟರ್ ಕಡೆ ಹೋಗು. ಮ್ಯಾಫ್ ಬದಲು ಮ್ಯಾಪ್ ಸೆನ್ಸರ್ ಇರುವ ಗಾಡಿಯಲ್ಲಿ ಟ್ರಿಮ್ ಅಷ್ಟಾಗಿ ಕದಲದೆ, ಐಡ್ಲಿಂಗ್ ಮಾತ್ರ ಏರಿ ನಿಂತಿರಬಹುದು. ಅಲ್ಲಿ ಟ್ರಿಮ್ ಒಂದನ್ನೇ ನಂಬಬೇಡ.

ವ್ಯಾಕ್ಯೂಮ್ ಗೇಜ್ ಹಾಕುತ್ತೀಯಾದರೆ ಇನ್ನೊಂದು ಮಾತು. ಐಡ್ಲಿಂಗ್‌ನಲ್ಲಿ 17ರಿಂದ 22 ಇಂಚು ಅಂತ ಪುಸ್ತಕದಲ್ಲಿ ಇರುವುದು ಸಮುದ್ರಮಟ್ಟದ ಲೆಕ್ಕ. ಸಾವಿರ ಅಡಿ ಏರಿದರೆ ಹತ್ತಿರಹತ್ತಿರ ಒಂದಿಂಚು ಇಳಿಯುತ್ತದೆ. ಮಂಗಳೂರಿನಲ್ಲಿ 19 ತೋರಿಸುವ ಒಳ್ಳೇ ಇಂಜಿನ್ ಮೂರು ಸಾವಿರ ಅಡಿ ಮೇಲಿರುವ ಬೆಂಗಳೂರಿನಲ್ಲಿ 16 ತೋರಿಸಿದರೆ ಗಾಬರಿಯಾಗಿ ಮ್ಯಾನಿಫೋಲ್ಡ್ ಬಿಚ್ಚಲು ಹೋಗಬೇಡ.

ಇನ್ನು ಹುಡುಕಾಟ. ಕಣ್ಣು, ಕಿವಿಗೆ ಮೊದಲು ಕೆಲಸ ಕೊಡು. ಪಿಸಿವಿ ಹೋಸಿನ ಮೊಣಕೈ ಬಾಗಿದ ಕಡೆ ಅಡಿಭಾಗ ಮುಟ್ಟಿ ನೋಡು, ಎಣ್ಣೆಯ ಆವಿಗೆ ರಬ್ಬರ್ ಕೊಳೆತು ಸೀಳುವುದು ಅಲ್ಲೇ. ಏರ್ ಫಿಲ್ಟರ್ ಬದಲಿಸಿದವನು ಕ್ಲ್ಯಾಂಪ್ ಬಿಗಿ ಮಾಡಿದ್ದಾನಾ? ಆಯಿಲ್ ಕ್ಯಾಪ್, ಡಿಪ್‌ಸ್ಟಿಕ್ ಸರಿಯಾಗಿ ಕೂತಿವೆಯಾ? ವಾರಗಟ್ಟಲೆ ನಿಂತ ಗಾಡಿಯಾದರೆ ಇಲಿ ಕಡಿದಿದೆಯಾ ನೋಡು. ಒಂದು ಮೊಳ ರಬ್ಬರ್ ಪೈಪಿನ ತುದಿ ಕಿವಿಗಿಟ್ಟು ಇನ್ನೊಂದು ತುದಿಯನ್ನು ಗ್ಯಾಸ್ಕೆಟ್ ಉದ್ದಕ್ಕೂ ಆಡಿಸಿದರೆ ‘ಸುಯ್’ ಅನ್ನುವ ಜಾಗ ಸಿಗುತ್ತದೆ. ಬೆಲ್ಟು, ಫ್ಯಾನಿನಿಂದ ದೂರ ಇರು. ಪರ್ಜ್ ವಾಲ್ವ್ ತೆರೆದೇ ಉಳಿದರೂ ಇದೇ ಲಕ್ಷಣ. ಅದರ ಹೋಸ್ ಹಿಸುಕಿ ಹಿಡಿ, ಐಡ್ಲಿಂಗ್ ಸರಿಹೋದರೆ ಕಳ್ಳ ಸಿಕ್ಕ.

ಕಾರ್ಬ್ ಕ್ಲೀನರ್ ಹೊಡೆದು ಆರ್‌ಪಿಎಂ ಬದಲಾಗುವುದನ್ನು ನೋಡುವವರು ಬಹಳ ಜನ. ಕಾದ ಎಕ್ಸಾಸ್ಟ್ ಮೇಲೆ ಬಿದ್ದರೆ ಬೆಂಕಿಯೇ ಗತಿ. ಗಿಡಕ್ಕೆ ನೀರು ಚಿಮುಕಿಸುವ ಬಾಟಲಿಯಲ್ಲಿ ನೀರು ಹಾಕಿ, ವೈರಿಂಗ್ ತಪ್ಪಿಸಿ ಸಿಂಪಡಿಸು. ಬಿರುಕು ನೀರು ಹೀರಿಕೊಂಡಾಗ ಒಂದು ಗಳಿಗೆ ಐಡ್ಲಿಂಗ್ ಬದಲಾಗುತ್ತದೆ. ದುಡ್ಡು ಕೂಡಿದಾಗ ಸ್ಮೋಕ್ ಮೆಷಿನ್ ತಗೋ, ಅದಕ್ಕೆ ಸಾಟಿ ಇಲ್ಲ. ಇಂಜಿನ್ ಆಫ್ ಇಟ್ಟು ಸಣ್ಣ ಒತ್ತಡದಲ್ಲಿ ಹೊಗೆ ತುಂಬು, ಸೋರುವ ಜಾಗ ತಾನೇ ಕಾಣುತ್ತದೆ.

ಬ್ರೇಕ್ ಬೂಸ್ಟರ್ ಕೊನೆಗೆ ಉಳಿಸಬೇಡ. ಇಂಜಿನ್ ಆಫ್ ಮಾಡಿ ಪೆಡಲ್ ನಾಲ್ಕೈದು ಸಲ ಒತ್ತಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡು. ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯದೆ ಗಟ್ಟಿಯಾಗಿ ನಿಂತರೆ, ಇಲ್ಲವೇ ಕಾಲಬುಡದಲ್ಲಿ ಗಾಳಿ ಸದ್ದು ಬಂದರೆ, ಟೇಪು ಸುತ್ತಿ ‘ಸದ್ಯಕ್ಕೆ ಓಡಿಸಿ ಸಾರ್’ ಅನ್ನಬೇಡ. ಅವರು ಎಷ್ಟೇ ಅವಸರ ಮಾಡಲಿ, ಹೊಸ ಹೋಸೋ ಬೂಸ್ಟರೋ ಬೀಳುವವರೆಗೆ ಕೀ ನಿನ್ನ ಹತ್ತಿರವೇ ಇರಲಿ.