ಶಾಲೆಗಿಂತ ಮುಂಚಿನ ಪಾಠ

ಮೂರು ವರ್ಷದ ಮಗು ಕಲ್ಲುಹರಳುಗಳನ್ನು ದೊಡ್ಡವು, ಚಿಕ್ಕವು ಎಂದು ಬೇರ್ಪಡಿಸುತ್ತಿದ್ದರೆ ನಾವು ಅದನ್ನು ಆಟವೆನ್ನುತ್ತೇವೆ. ಗಣಿತದ ಮೊದಲ ಪಾಠವೇ ಅದು. ಆರು ವರ್ಷ ತುಂಬುವುದರೊಳಗೆ ಮಿದುಳು ತನ್ನ ಪೂರ್ಣ ಗಾತ್ರದ ಸುಮಾರು ಶೇಕಡಾ 90ರಷ್ಟು ಬೆಳೆದಿರುತ್ತದೆ. ನೋಡಿ, ಕೇಳಿ, ಮುಟ್ಟಿ ತಿಳಿದುದರಿಂದ ನರಕೋಶಗಳ ನಡುವಣ ಸಂಪರ್ಕಗಳು ಬಲಗೊಳ್ಳುತ್ತವೆ. ಬಳಕೆಯಿಲ್ಲದವು ಕ್ರಮೇಣ ಅಳಿಯುತ್ತವೆ.

ಈ ವಯಸ್ಸಿನ ಶಿಕ್ಷಣದಿಂದ ಸ್ಥಿರವಾದ ಫಲವುಂಟೆ? ಇದನ್ನರಿಯಲು 1962ರಲ್ಲಿ ಅಮೆರಿಕದ ಇಪ್ಸಿಲ್ಯಾಂಟಿಯಲ್ಲಿ ಒಂದು ಪ್ರಯೋಗ ಆರಂಭವಾಯಿತು. 123 ಬಡಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಶಾಲಾಪೂರ್ವ ಶಿಕ್ಷಣ ಕೊಟ್ಟರು. ಮುಂದೆ ಆ ಗುಂಪಿನಲ್ಲಿ ಶೇಕಡಾ 77 ಮಂದಿ ಪ್ರೌಢಶಿಕ್ಷಣ ಮುಗಿಸಿದರು. ಇನ್ನೊಂದರಲ್ಲಿ ಶೇಕಡಾ 60 ಮಂದಿ ಮಾತ್ರ.

ನಮ್ಮಲ್ಲಿ ಈ ಶಿಕ್ಷಣವನ್ನು ಉಚಿತವಾಗಿ ನೀಡುವವು ಅಂಗನವಾಡಿಗಳು. 1975ರ ಅಕ್ಟೋಬರ್ 2ರಂದು ಮೊದಲಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಕರ್ನಾಟಕದಲ್ಲಿ ಕಾಲಿಟ್ಟುದು ತಿರುಮಕೂಡಲು ನರಸೀಪುರದಲ್ಲಿ. ಬೀದರ ಜಿಲ್ಲೆಯ ಹುಲಸೂರಿನಂಥ ಗಡಿಸೀಮೆಯಲ್ಲಿ ಇವುಗಳ ಅಗತ್ಯ ಇಮ್ಮಡಿಯಾದುದು. ಮನೆಯಲ್ಲಿ ಮರಾಠಿ, ಉರ್ದು ಇಲ್ಲವೆ ಲಂಬಾಣಿ ಆಡುವ ಮಗು ಆರನೆಯ ವರ್ಷದಲ್ಲಿ ನೇರವಾಗಿ ಕನ್ನಡ ಶಾಲೆ ಸೇರಿದರೆ, ಅದಕ್ಕೆ ಅಕ್ಷರವೂ ಹೊಸದು, ಭಾಷೆಯೂ ಹೊಸದು. ಅಂಗನವಾಡಿಯ ಹಾಡು, ಕಥೆ, ಆಟಗಳಲ್ಲಿ ಭಾಷೆಯಾದರೂ ಮುಂಚೆಯೇ ಪರಿಚಿತವಾಗುತ್ತದೆ.

ಆದರೆ ಇದು ಇನ್ನೂ ಮಗುವಿನ ಹಕ್ಕಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದವರಿಗೆ ಶಿಕ್ಷಣವನ್ನು ಹಕ್ಕಾಗಿ ಕೊಟ್ಟಿತು. ಮೂರರಿಂದ ಆರು ವರ್ಷದವರಿಗೆ ಸರ್ಕಾರವು ಉಚಿತ ಶಿಕ್ಷಣದ ಏರ್ಪಾಡು ‘ಮಾಡಬಹುದು’ ಎಂದಿತೇ ಹೊರತು ‘ಮಾಡತಕ್ಕದ್ದು’ ಎನ್ನಲಿಲ್ಲ. ಉಳ್ಳವರು ಶುಲ್ಕ ತೆತ್ತು ಪಡೆಯುವ ಈ ಪಾಠ ಕೂಲಿಕಾರರ ಮಗುವಿಗೂ ತಪ್ಪದೆ ದೊರೆಯಬೇಕಾದರೆ, ಮೊದಲು ಬದಲಾಗಬೇಕಾದುದು ಈ ಪದವೇ ಎಂದು ನಾವು ಭಾವಿಸುತ್ತೇವೆ.